ಹನ್ನೆರಡು ಅಡಿಯ ಕೋಲು, ಐದು ಔನ್ಸಿನ ಸೀಸ

ಮಾರ್ಕು ಮೊದಲೇ ಹೇಳಿಬಿಡುತ್ತೇನೆ. ಮೀನು ಹಿಡಿಯುವ ಗಾಳದ ಕೋಲಿಗೆ ಐದರಲ್ಲಿ ಎರಡೂವರೆ. ರೀಲಿಗೆ ಮೂರು. ಕೋಲು ತಗೊಂಡ ಖುಷಿಗೆ ಅಂಗಡಿಯವನು ಪುಕ್ಕಟೆ ಕೊಟ್ಟ ನಾಲ್ಕು ಸೀಸಕ್ಕೆ ಐದಕ್ಕೆ ಐದು. ಮೂವತ್ತೊಂದು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ಅರ್ಧ ಮಾರ್ಕನ್ನೂ ಸುಮ್ನೆ ಕೊಟ್ಟವನಲ್ಲ.

ಕುಂಬಳೆಯ ಹೊಳೆಬದಿಯಲ್ಲಿ ಹುಟ್ಟಿದವನಿಗೆ ಗಾಳ ಹೊಸತಲ್ಲ. ನಮ್ಮದು ಕೈಗಾಳ. ಮರದ ತುಂಡಿಗೆ ಸುತ್ತಿದ ತಂಗೂಸು, ತುದಿಗೆ ಒಂದು ಗಾಳ, ಭಾರಕ್ಕೆ ನೆಲಗಡಲೆ ಗಾತ್ರದ ಸೀಸ. ತಲೆ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ಹೋದಷ್ಟು ದೂರ. ಮೀನು ಕಚ್ಚಿದ್ದು ತೋರುಬೆರಳಿಗೇ ಗೊತ್ತಾಗಬೇಕು. ಇಷ್ಟೇ ಸಾಮಾನಿನಲ್ಲಿ ಅರುವತ್ತು ವರ್ಷ ಕಳೆದಿತ್ತು.

2024ರ ಆಗಸ್ಟಿನಲ್ಲಿ ಮಗಳ ಮನೆಗೆ ಹೋದೆ. ಅವರಿರುವುದು ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ. ಹತ್ತಿರದ ಡೀಲ್ ಎಂಬ ಊರಿನಲ್ಲಿ ಕಡಲೊಳಗೆ ಚಾಚಿದ ಒಂದು ಕಾಂಕ್ರೀಟ್ ಪಿಯರ್ ಉಂಟು. 1957ರಲ್ಲಿ ತೆರೆದದ್ದು, 1,026 ಅಡಿ ಉದ್ದ. ಅಳಿಯ ಆಫೀಸಿಗೆ, ಮಗಳು ಆಸ್ಪತ್ರೆ ಡ್ಯೂಟಿಗೆ ಹೊರಟ ಮೇಲೆ ನನಗೆ ಮಾಡಲು ಎಂತದೂ ಇಲ್ಲ. ಬಸ್ಸು ಹತ್ತಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಬೆಂಚಿನ ಸಾಲಿನಲ್ಲಿ ನನ್ನಂಥ ಮುದುಕರೇ ಜಾಸ್ತಿ. ಒಬ್ಬೊಬ್ಬರಿಗೆ ಎರಡೆರಡು ಕೋಲು. ಫ್ಲಾಸ್ಕಿನಲ್ಲಿ ಚಾ. ನ್ಯೂಸ್‌ಪೇಪರಿನಲ್ಲಿ ಸುತ್ತಿದ ಪೊಟ್ಟಣ. ತಿಂಡಿ ಇರಬೇಕು ಅಂದುಕೊಂಡೆ. ಬಿಚ್ಚಿದಾಗ ಒಳಗೆ ಕಪ್ಪು ಹುಳಗಳು ಮಿಜಿಗುಟ್ಟುತ್ತಿದ್ದವು. ಲಗ್‌ವರ್ಮ್ ಅಂತೆ. ಇಳಿತದ ಹೊತ್ತಿಗೆ ಕೆಸರುಮರಳು ಅಗೆದು ತೆಗೆಯುತ್ತಾರೆ, ಇಲ್ಲವಾದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಹುಳಕ್ಕೆ ದುಡ್ಡು!

ಅಳಿಯ ಒಳ್ಳೆಯ ಹುಡುಗ, ಸ್ವಲ್ಪ ಅವಸರ. ಮಾವನಿಗೆ ಆಸೆ ಹುಟ್ಟಿದ್ದು ಗೊತ್ತಾದ ರಾತ್ರಿಯೇ ಕಂಪ್ಯೂಟರಿನಲ್ಲಿ ಗಾಳದ ಲೈಸೆನ್ಸ್ ತೆಗೆದ. ಆಮೇಲೆ ನೋಡಿದರೆ ಅದು ಹೊಳೆ, ಕೆರೆ ಮೀನಿಗೆ. ಕಡಲ ದಡದಲ್ಲಿ ನಿಂತು ಗಾಳ ಹಾಕಲು ಅಲ್ಲಿ ಲೈಸೆನ್ಸ್ ಬೇಡ. ಪಿಯರ್ ಮೇಲಾದರೆ ಟಿಕೆಟ್ ಅಷ್ಟೇ.

ಲೈಸೆನ್ಸ್ ಇಲ್ಲ ಅಂತ ಲೆಕ್ಕಾಚಾರ ಇಲ್ಲ ಅಂದುಕೊಳ್ಳಬೇಡಿ. ಒಂದು ಸಂಜೆ ಪಕ್ಕದವರ ಕೋಲಿಗೆ ಬಾಸ್ ಬಿತ್ತು. ಬೆಳ್ಳಿಯಂತೆ ಹೊಳೆಯುವ ಮೀನು. ಅವರು ಜೇಬಿನಿಂದ ಟೇಪ್ ತೆಗೆದು ಅಳೆದರು. 40 ಸೆಂಟಿಮೀಟರ್. ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಕೆಳಗಿಳಿಸಿ ನೀರಿಗೆ ಬಿಟ್ಟೇಬಿಟ್ಟರು! 42ಕ್ಕಿಂತ ಕಡಿಮೆ ಇದ್ದರೆ ಇಟ್ಟುಕೊಳ್ಳುವಂತಿಲ್ಲ. ಆ ವರ್ಷದ ನಿಯಮದ ಪ್ರಕಾರ ಏಪ್ರಿಲಿಂದ ನವೆಂಬರ್ ತನಕ ದಿನಕ್ಕೆ ಒಬ್ಬರಿಗೆ ಎರಡೇ ಬಾಸ್. ನನ್ನ ಹೊಟ್ಟೆ ಉರಿಯಿತು. ಆದರೆ ನಮ್ಮ ಕೇರಳದಲ್ಲೂ ಇಂಥ ಅಳತೆ ಉಂಟು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ಕುಂಬಳೆ ಪೇಟೆಯ ಮೀನಿನ ಬುಟ್ಟಿಗೆ ಟೇಪ್ ಹಿಡಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಸರಿ, ಕೋಲಿನ ವಿಷಯ. ಅಲ್ಲಿಯವರು ಇದನ್ನು ಬೀಚ್‌ಕಾಸ್ಟರ್ ಎನ್ನುತ್ತಾರೆ. ಹನ್ನೆರಡು ಅಡಿ ಉದ್ದ, ಎರಡು ಸಮ ತುಂಡು, ಕಾರ್ಬನ್ ಫೈಬರ್. ನಾಲ್ಕರಿಂದ ಆರು ಔನ್ಸಿನ ಸೀಸ ಬೀಸಬಹುದು ಅಂತ ಕೋಲಿನ ಮೇಲೆಯೇ ಬರೆದಿತ್ತು. ದೊಡ್ಡ ಬಾಯಿಯ ರೀಲು, ಮೂರು ಕಾಲಿನ ಸ್ಟ್ಯಾಂಡು, ಎಲ್ಲ ಸೇರಿ 140 ಪೌಂಡ್. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 15,000. ಮನೆಯವಳಿಗೆ ಫೋನಿನಲ್ಲಿ 4,000 ಅಂದೆ. ಈ ವಿಮರ್ಶೆ ಓದುವಷ್ಟು ಪುರುಸೊತ್ತು ಅವಳಿಗಿಲ್ಲ ಎಂಬ ಧೈರ್ಯದಲ್ಲಿ ನಿಜ ಬರೆದಿದ್ದೇನೆ.

ಮೊದಲ ಸಲ ಬೀಸಿದ್ದು ಡಾರ್ಸೆಟ್‌ನ ಚೆಸಿಲ್ ಬೀಚಿನಲ್ಲಿ. ಮಗಳು ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳು. ಅದನ್ನು ಬೀಚ್ ಅನ್ನಲು ನನಗೆ ಮನಸ್ಸಿಲ್ಲ. 29 ಕಿಲೋಮೀಟರ್ ಉದ್ದಕ್ಕೆ ಬರೀ ಉರುಟು ಕಲ್ಲಿನ ದಿಬ್ಬ. ಪಡುಗಡೆ ವೆಸ್ಟ್ ಬೇ ತುದಿಯಲ್ಲಿ ಬಟಾಣಿಯಷ್ಟು ಸಣ್ಣ ಕಲ್ಲು. ಮೂಡುಗಡೆ ಪೋರ್ಟ್‌ಲ್ಯಾಂಡಿಗೆ ಬರುವಾಗ ಮುಷ್ಟಿ ಗಾತ್ರ. ಕಡಲೇ ಜರಡಿ ಹಿಡಿದಂತೆ ವಿಂಗಡಿಸಿ ಇಟ್ಟಿದೆ. ಹಿಂದೆ ಕತ್ತಲಲ್ಲಿ ದೋಣಿ ದಡಕ್ಕೆ ಬಂದರೆ ಬೆಸ್ತರು ಒಂದು ಹಿಡಿ ಕಲ್ಲು ಮುಟ್ಟಿ ನೋಡಿ ಯಾವ ಊರಿನ ಹತ್ತಿರ ಬಂದೆವು ಅಂತ ಹೇಳುತ್ತಿದ್ದರಂತೆ. ನಡೆಯುವುದೆಂದರೆ ಅಂಗಳದಲ್ಲಿ ಒಣಹಾಕಿದ ಅಡಿಕೆ ರಾಶಿಯ ಮೇಲೆ ನಡೆದ ಹಾಗೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.

ಅಲ್ಲಿ ಕೋಲಿಗೆ ಹೆಸರಿಡುವಂತಿರಲಿಲ್ಲ. ದಡ ಕಡಿದಾಗಿ ಇಳಿಯುತ್ತದೆ, ನಾಲ್ಕು ಮಾರು ದಾಟಿದರೆ ಆಳ. ದಾರದಲ್ಲಿ ಸಾಲಾಗಿ ಗಾಳ, ಗಾಳಕ್ಕೆ ಹಕ್ಕಿಗರಿಯಂಥ ಬಿಳಿ ಕುಚ್ಚು. ಬೀಸಿ ಎಳೆಯುತ್ತ ಬಂದರೆ ಬಂಗುಡೆ. ಒಂದೇ ಎಳೆತಕ್ಕೆ ಮೂರು ಬಿದ್ದದ್ದೂ ಉಂಟು. ಅಲ್ಲಿನ ಬಂಗುಡೆ ನಮ್ಮದರ ದೂರದ ನೆಂಟ. ಬೆನ್ನಿನ ಮೇಲೆ ಅಲೆ ಅಲೆಯಾಗಿ ಕಪ್ಪು ಪಟ್ಟಿ, ಎಣ್ಣೆ ಜಾಸ್ತಿ. ಮಗಳು ಬ್ಯಾಡಗಿ ಮೆಣಸಿನ ಮಸಾಲೆ ಹಚ್ಚಿ ಹುರಿದಳು. ಚೆನ್ನಾಗಿತ್ತು. ನಮ್ಮ ಬಂಗುಡೆಯ ರುಚಿ ಅಲ್ಲ, ಬಿಡಿ.

ಊರಿಗೆ ತಂದ ಕಥೆ ಉದ್ದ ಉಂಟು, ಚುಟುಕಾಗಿ ಹೇಳುತ್ತೇನೆ. ಆರು ಅಡಿಯ ತುಂಡುಗಳು ಯಾವ ಸೂಟ್‌ಕೇಸಿಗೂ ಹಿಡಿಸುವುದಿಲ್ಲ. ನಾಲ್ಕಿಂಚಿನ ಪಿವಿಸಿ ಪೈಪಿಗೆ ತುಂಬಿ ಎರಡು ಕಡೆ ಮುಚ್ಚಳ ಬಿಗಿದೆವು. ನಾನು ಮಂಗಳೂರಿನಲ್ಲಿ ಇಳಿದೆ, ಪೈಪು ಇಳಿಯಲಿಲ್ಲ. ವಿಮಾನದವರು ಮೂರನೇ ದಿನ ಮನೆಗೆ ತಲುಪಿಸಿದರು. ಒಂದು ಮುಚ್ಚಳ ಒಡೆದಿತ್ತು, ಕೋಲಿಗೆ ಏನೂ ಆಗಿರಲಿಲ್ಲ. ನೀವೂ ತರುವುದಾದರೆ ಚೀಲ ಗೀಲ ನಂಬಬೇಡಿ. ಪೈಪೇ ಸರಿ.

2024ರ ಅಕ್ಟೋಬರ್ ಕೊನೆಗೆ ಕಾಸರಗೋಡಿನ ಕಸಬಾ ಕಡಪ್ಪುರಕ್ಕೆ ಮೊದಲ ಸಲ ಹೊತ್ತುಕೊಂಡು ಹೋದೆ. ಪೈಪಿನಿಂದ ಹೊರಗೆ ತೆಗೆದು ಜೋಡಿಸುತ್ತಿದ್ದಂತೆ ಮಕ್ಕಳ ಫುಟ್‌ಬಾಲ್ ನಿಂತಿತು. ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. ಅಲ್ಲಿ ಎಲ್ಲರೂ ಅವರನ್ನು ಇಚ್ಚ ಅಂತಲೇ ಕರೆಯುವುದು. ಈಗ ನಾನೂ ಹಾಗೇ ಕರೆಯುತ್ತೇನೆ.

“ಇದ್ ಎಂದಿನಾ ಮಾಷೇ? ಕೌಂಗಿಗೆ ಮದ್ದು ಬಿಡುವ ದೋಟಿಯಾ?” ಅಂತ ಕೇಳಿದರು. ಅರ್ಧ ಮಲಯಾಳ, ಅರ್ಧ ಕನ್ನಡ. ನಮ್ಮೂರಿನ ಮಾತೇ ಹಾಗೆ.

ಪ್ರಶ್ನೆ ತಪ್ಪಲ್ಲ. ಈಗ ಅಡಿಕೆ ತೋಟಕ್ಕೆ ಬಂದ ಕಾರ್ಬನ್ ಫೈಬರ್ ದೋಟಿಯೂ ಇದೂ ನೋಡಲು ಅಣ್ಣ ತಮ್ಮ. ಗಾಳದ ಕೋಲು ಅಂದೆ. ಇಚ್ಚ ತುದಿಯನ್ನು ಮೆಲ್ಲ ಬಗ್ಗಿಸಿ ನೋಡಿದರು. ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಒಂದು ಸೂಚನೆ ಅಂತ ನನಗೆ ಆಗ ಹೊಳೆಯಲಿಲ್ಲ.

ಬೀಸಿದೆ. ತಲೆಯ ಮೇಲಿಂದ, ಎರಡು ಕೈಯಲ್ಲಿ, ಒಂದು ಕೈ ಎಳೆದು ಇನ್ನೊಂದು ಕೈ ದೂಡಿ. ಐದು ಔನ್ಸ್ ಅಂದರೆ 142 ಗ್ರಾಂ ಸೀಸ ಶುಂಯ್ ಅಂತ ಹೋಗಿ ತೊಂಬತ್ತು ಮೀಟರ್ ಆಚೆ ಬಿತ್ತು. ಆಮೇಲೆ ದಾರ ಅಳೆದೇ ಹೇಳುತ್ತಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮೀನು ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಲ್ಕು ಸಂಜೆ ಹೀಗೇ ಹೋಯಿತು. ಐದನೇ ಸಂಜೆ ಪಕ್ಕದಲ್ಲಿ ಒಬ್ಬ ಹುಡುಗ, ಎಂಟನೇ ಕ್ಲಾಸ್ ಇರಬಹುದು, ಪ್ಲಾಸ್ಟಿಕ್ ಬಾಟಲಿಗೆ ತಂಗೂಸು ಸುತ್ತಿಕೊಂಡು ಬಂದ. ಇಪ್ಪತ್ತು ಮೀಟರ್ ದೂರಕ್ಕೆ ಎಸೆದ. ಮುಕ್ಕಾಲು ಗಂಟೆಯಲ್ಲಿ ಏಳು ಕಾಣೆ ಮೀನು ಹಿಡಿದ.

ವಿಷಯ ಇಷ್ಟೇ. ನಮ್ಮ ಕಡಲು ಮೆಲ್ಲ ಮೆಲ್ಲ ಇಳಿಯುವ ಮರಳಿನ ಕಡಲು. ಮೊದಲ ತೆರೆ ಒಡೆಯುವಲ್ಲಿ ಒಂದು ದಿಣ್ಣೆ, ಅದರ ಈಚೆ ಸೊಂಟದಷ್ಟು ನೀರಿನ ಒಂದು ಕಣಿ. ತೆರೆ ಮರಳನ್ನು ಕಲಕಿದಾಗ ಏಳುವ ಹುಳ, ಸಿಗಡಿ ಎಲ್ಲ ಆ ಕಣಿಯಲ್ಲಿ ಸೇರುತ್ತವೆ. ಕಾಣೆಯೂ ಅಲ್ಲಿಯೇ. ನಾನು ಮೀನಿನ ತಲೆ ಮೇಲಿಂದ ಎಪ್ಪತ್ತು ಮೀಟರ್ ಆಚೆ ಎಸೆಯುತ್ತಿದ್ದೆ. ಹತ್ತಿರ ಹಾಕಿದರೂ ಈ ಕೋಲು ಪ್ರಯೋಜನಕ್ಕೆ ಬರುವುದಿಲ್ಲ. ಅಷ್ಟು ಭಾರದ ಸೀಸ ಬೀಸಲೆಂದೇ ಮಾಡಿದ್ದರಿಂದ ಗಟ್ಟಿ. ಕಾಣೆ ಕಚ್ಚಿದರೆ ತುದಿ ಅಲ್ಲಾಡುವುದೇ ಇಲ್ಲ. ಎಷ್ಟೋ ಸಲ ನಾನು ಹಿಡಿದ ಕಾಣೆಗಿಂತ ಸೀಸವೇ ಭಾರ ಇತ್ತು, ಮಾರಾಯ್ರೇ. ಎರಡೂವರೆ ಮಾರ್ಕು ಕಡಿದದ್ದು ಇದಕ್ಕೇ.

ಭಾನುವಾರ ಸಂಜೆಯಂತೂ ಕೋಲು ತೆಗೆಯುವುದೇ ಬೇಡ. ಬೀಸುವಾಗ ದಾರ ತುಂಡಾದರೆ ಸೀಸ ಗುಂಡಿನ ಹಾಗೆ ಹಾರುತ್ತದೆ. ಅದಕ್ಕೇ ಸಪೂರ ದಾರದ ತುದಿಗೆ ಐದಾರು ಮಾರು ದಪ್ಪ ದಾರ ಕಟ್ಟಬೇಕು. ಅಲ್ಲಿಯವರ ಲೆಕ್ಕ ಸುಲಭ: ಔನ್ಸಿಗೆ ಹತ್ತು ಪೌಂಡ್. ಐದು ಔನ್ಸಿನ ಸೀಸಕ್ಕೆ ಐವತ್ತು ಪೌಂಡ್ ಭಾರ ತಡೆಯುವ ದಾರ. ಅಷ್ಟು ಮಾಡಿದರೂ ಹಿಂದೆ ಮುಂದೆ ಜನ ಇದ್ದರೆ ನನಗೆ ಧೈರ್ಯ ಬರುವುದಿಲ್ಲ. ಕಡಲೆ ತಿನ್ನುತ್ತ ಮೊಬೈಲಿನಲ್ಲಿ ಸೂರ್ಯಾಸ್ತ ಹಿಡಿಯುವವರ ನಡುವೆ ಇದು ಆಟದ ಸಾಮಾನಲ್ಲ.

ಈಗ ಸೀಸಕ್ಕೆ ಬರೋಣ. ನೋಡಲು ಮೂಸುಂಬಿ ಬೀಜದ ಆಕಾರ, ಗಾತ್ರ ಮಾತ್ರ ಹೆಬ್ಬೆರಳಿನಷ್ಟು. ಮೂತಿಯ ಹತ್ತಿರ ನಾಲ್ಕು ತಂತಿಯ ಕಾಲು. ಕಾಲುಗಳನ್ನು ಮೇಲಕ್ಕೆ ಮಡಚಿ ಮೈಯಲ್ಲಿರುವ ಗೆರೆಗೆ ಸಿಕ್ಕಿಸಬೇಕು. ನೀರಿಗೆ ಬಿದ್ದ ಮೇಲೆ ದಾರ ಬಿಗಿ ಮಾಡಿದರೆ ಈ ಕಾಲು ಹಡಗಿನ ಲಂಗರಿನ ಹಾಗೆ ಮರಳಿಗೆ ಕಚ್ಚುತ್ತದೆ. ವಾಪಸ್ ಎಳೆಯುವಾಗ ಜೋರಾಗಿ ಒಂದು ಸೆಳೆತ ಕೊಟ್ಟರೆ ಕಾಲುಗಳು ಗೆರೆಯಿಂದ ತಪ್ಪಿ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಸೀಸ ಸಲೀಸಾಗಿ ಬರುತ್ತದೆ. ಬ್ಯಾಟರಿ ಇಲ್ಲ, ಸ್ಪ್ರಿಂಗಿಲ್ಲ.

ಅಲ್ಲಿ ಇದು ಯಾಕೆ ಬೇಕು ಅಂತ ಡೀಲ್ ಪಿಯರಿನಲ್ಲಿ ಕೂತಾಗಲೇ ಕಂಡಿದ್ದೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲು ಆ ಭಾಗದಲ್ಲಿ ತೀರಾ ಇಕ್ಕಟ್ಟು. ಡೋವರ್ ಹತ್ತಿರ ಬರೀ 33 ಕಿಲೋಮೀಟರ್. ಹುಣ್ಣಿಮೆ ಅಮಾವಾಸ್ಯೆಗೆ ಭರತ ಇಳಿತದ ನಡುವೆ ಐದಾರು ಮೀಟರ್ ವ್ಯತ್ಯಾಸ. ಅಷ್ಟು ನೀರು ಆ ಇಕ್ಕಟ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ಅತ್ತ ಇತ್ತ ಓಡಬೇಕು. ಗುಂಡು ಸೀಸ ಹಾಕಿದರೆ ಉರುಳಿಕೊಂಡು ಪಕ್ಕದವನ ದಾರಕ್ಕೆ ಸುತ್ತಿಕೊಳ್ಳುತ್ತದೆ, ಜಗಳ ಆಗುತ್ತದೆ. ಪಡುಗಡೆಯ ಬ್ರಿಸ್ಟಲ್ ಚಾನೆಲಿನಲ್ಲಂತೂ ವ್ಯತ್ಯಾಸ 14 ಮೀಟರ್ ತನಕ ಹೋಗುತ್ತದೆ. ನಮ್ಮಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಮೀಟರ್. ನಮಗೆ ಯಾಕೆ ಈ ಲಂಗರು ಅಂತ ನಾನೂ ಮೂಲೆಗೆ ಹಾಕಿದ್ದೆ.

ಅಳಿವೆಯ ಲೆಕ್ಕವೇ ಬೇರೆ ಅಂತ ಮರೆತಿದ್ದೆ. ನೆನಪು ಮಾಡಿದ್ದು ಇಚ್ಚ. ನವೆಂಬರಿನ ಅಮಾವಾಸ್ಯೆ ಮರುದಿನ ಚಂದ್ರಗಿರಿ ಹೊಳೆ ಕಡಲಿಗೆ ಸೇರುವಲ್ಲಿ, ಕಲ್ಲಿನ ದಂಡೆಯ ಮೇಲೆ ಇಬ್ಬರೂ ಕೂತಿದ್ದೆವು. ಇಳಿತ ಶುರುವಾಗಿತ್ತು. ಭರತದ ನೀರೂ ಹೊಳೆಯ ನೀರೂ ಒಟ್ಟಿಗೆ ಹೊರಗೆ ಓಡುವ ಹೊತ್ತು. ಇಚ್ಚನ ಸೀಸ ಒಂದು ನಿಮಿಷ ನಿಲ್ಲುತ್ತಿರಲಿಲ್ಲ. ಹಾಕುವುದು, ಕೊಚ್ಚಿಕೊಂಡು ಹೋಗಿ ಕಲ್ಲಿಗೆ ಸಿಕ್ಕುವುದು, ಬಯ್ಯುವುದು, ದಾರ ಕಡಿಯುವುದು. ಮೂರು ಗಾಳ ಹೋಯಿತು. ಆಗ ಅವರ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು. “ಆ ಕಾಲುಳ್ಳದ್ದನ್ನು ಹಾಕಿ ಮಾಷೇ” ಅಂದರು.

ಹಾಕಿದೆ. ಬಿತ್ತು, ಕಚ್ಚಿತು, ನಿಂತಿತು. ದಾರ ತಂಬೂರಿಯ ತಂತಿಯ ಹಾಗೆ ಬಿಗಿಯಾಗಿ ಝುಂ ಅನ್ನುತ್ತಿತ್ತು. ನೀರು ಓಡುತ್ತಲೇ ಇತ್ತು, ಸೀಸ ಕದಲಲಿಲ್ಲ. ಇಪ್ಪತ್ತು ನಿಮಿಷ ಕಳೆದು ತುದಿ ಎರಡು ಸಲ ತಲೆಯಾಡಿಸಿತು. ಮೂರನೇ ಸಲಕ್ಕೆ ದಾರ ಒಮ್ಮೆಲೇ ಸಡಿಲವಾಯಿತು. ಮೀನು ತಪ್ಪಿತು ಅಂದುಕೊಂಡೆ. “ವಲಿ, ವಲಿ!” ಅಂತ ಇಚ್ಚ ಕೂಗಿದರು, ಎಳೆಯಿರಿ ಅಂತ. ಮೀನು ಎಳೆದ ರಭಸಕ್ಕೆ ಸೀಸದ ಕಾಲು ಬಿಟ್ಟುಕೊಂಡಿತ್ತು ಅಷ್ಟೇ. ಸುತ್ತಿದೆ. ಈ ಗಟ್ಟಿ ಕೋಲು ಕೆಲಸಕ್ಕೆ ಬಂದದ್ದು ಆಗಲೇ. ಮೀನು ಕಲ್ಲಿನ ಸಂದಿಗೆ ನುಗ್ಗಲು ನೋಡಿತು, ಹನ್ನೆರಡು ಅಡಿಯ ಕೋಲು ಅದನ್ನು ಎತ್ತಿ ಹಿಡಿಯಿತು. ಕೆಂಬೇರಿ. ಇಚ್ಚನ ಭಾಷೆಯಲ್ಲಿ ಚೆಂಬಲ್ಲಿ. ಪೇಟೆಯ ತಕ್ಕಡಿಯಲ್ಲಿ ಒಂದು ಕೆಜಿ ಎಂಟುನೂರು ಗ್ರಾಂ. ಅರ್ಧ ಅವರಿಗೆ, ಅರ್ಧ ನಮಗೆ. ತಲೆಯ ವಿಷಯದಲ್ಲಿ ಸ್ವಲ್ಪ ಮಾತುಕತೆ ಆಯಿತು, ತಲೆ ಅವರಿಗೇ ಹೋಯಿತು.

ಮರುವಾರ ಹೋದರೆ ಇಚ್ಚ ಜೇಬಿನಿಂದ ತೆಗೆದು ತೋರಿಸಿದರು. ಟಯರ್ ಅಂಗಡಿಯಲ್ಲಿ ಚಕ್ರಕ್ಕೆ ಬಡಿಯುವ ಹಳೇ ಸೀಸದ ತುಂಡು ಕರಗಿಸಿ, ಒಣಗಿದ ಮಣ್ಣಿನ ಅಚ್ಚಿಗೆ ಹೊಯ್ದು, ಹಳೇ ಕೊಡೆಯ ಕಡ್ಡಿಯಿಂದ ನಾಲ್ಕು ಕಾಲು. ಅಂದ ಕಡಿಮೆ. ಕಾಲು ಮಡಚಲು ಗೆರೆ ಇಲ್ಲ, ಸಪೂರ ಕಡ್ಡಿ ತಾನೇ ಬಗ್ಗಿ ಬರುತ್ತದೆ. ನಾಲ್ಕೈದು ಸಲಕ್ಕೆ ತುಕ್ಕು ಹಿಡಿದು ಮುರಿಯುತ್ತದೆ. ಆದರೆ ನಿಲ್ಲುತ್ತದೆ! ಖರ್ಚು ಒಂದು ಹರಿದ ಕೊಡೆ. ಕಾಸರಗೋಡಿನ ಮಳೆಗಾಲದಲ್ಲಿ ಹರಿದ ಕೊಡೆಗೆ ಬರಗಾಲವೇ? ಹಸಿ ಅಚ್ಚಿಗೆ ಹೊಯ್ದರೆ ಸೀಸ ಸಿಡಿಯುತ್ತದೆ, ಮನೆಯೊಳಗೆ ಕರಗಿಸಿದರೆ ಹೊಗೆ ವಿಷ. ಮಾಡುವವರು ಅಂಗಳದಲ್ಲೇ ಮಾಡಿ.

ಉಳಿದ ಸಾಮಾನಿನ ಬಗ್ಗೆ. ಮೂರು ಕಾಲಿನ ಸ್ಟ್ಯಾಂಡು ಕಲ್ಲಿನ ದಡಕ್ಕೆ ಹೇಳಿಸಿದ್ದು, ನಮ್ಮ ಮರಳಿನಲ್ಲಿ ಹೂತುಹೋಗುತ್ತದೆ. ಪ್ರತಿ ಕಾಲಿನ ಅಡಿಗೆ ಒಂದೊಂದು ತೆಂಗಿನ ಗೆರಟೆ ಕವುಚಿ ಇಟ್ಟೆ, ಸರಿಯಾಯಿತು. ಜೋರು ಬೀಸುವಾಗ ಬೂತಾಯಿಯಂಥ ಮೆತ್ತನೆಯ ಎರೆ ಗಾಳದಿಂದ ಹಾರಿಹೋಗುತ್ತದೆ. ಅಲ್ಲಿಯವರು ಕೂದಲಿನಷ್ಟು ಸಪೂರದ ಇಲಾಸ್ಟಿಕ್ ದಾರ ಸುತ್ತುತ್ತಾರೆ. ಗಂಟು ಬೇಡ, ಸುತ್ತಿ ಎಳೆದು ಬಿಟ್ಟರೆ ಆಯಿತು. ಬಹಳ ಒಳ್ಳೆಯ ಸಾಮಾನು. ಅದು ಮುಗಿದ ಮೇಲೆ ನಾನು ಬಾಳೆನಾರಿಗೆ ಇಳಿದೆ, ಮಲ್ಲಿಗೆ ಕಟ್ಟಲು ಸೀಳುವಷ್ಟು ಸಪೂರಕ್ಕೆ ಸೀಳಿ. ನಡೆಯುತ್ತದೆ. ಮಲ್ಲಿಗೆ ಕಟ್ಟುವವಳ ಬಾಯಿಯಿಂದ ಬೈಗುಳ ಮಾತ್ರ ತಪ್ಪಲಿಲ್ಲ.

ರೀಲು ಗಟ್ಟಿ, ಸಲೀಸು. ಉಪ್ಪುನೀರಿಗೆ ಹೇಳಿದ್ದೇ ಅಂತ ಬರೆದಿದ್ದರೂ ಎರಡು ವಾರ ತೊಳೆಯದೆ ಇಟ್ಟಾಗ ಹಿಡಿಕೆಯ ಸ್ಕ್ರೂವಿಗೆ ತುಕ್ಕು ಬಂತು. ಈಗ ಪ್ರತಿ ಸಲ ಬಾವಿನೀರಿನಲ್ಲಿ ತೊಳೆದು, ಒರಸಿ, ಒಂದು ಹನಿ ಹೊಲಿಗೆ ಮೆಶಿನಿನ ಎಣ್ಣೆ.

ಕೋಲಿನ ದೊಡ್ಡ ತಕರಾರು ಬೇರೆಯೇ. ಮೂರನೇ ತಿಂಗಳಿಗೆ ತುದಿಯ ಬಳೆಯೊಳಗಿನ ಪಿಂಗಾಣಿ ಉಂಗುರ ಬಿರುಕು ಬಿಟ್ಟು ಉದುರಿತು. ದಾರ ಆ ಹರಿತಕ್ಕೆ ಉಜ್ಜಿ ಉಜ್ಜಿ ನಾರು ನಾರಾಯಿತು. ಕಂಪನಿಗೆ ಫೋಟೋ ಸಮೇತ ಇಮೇಲ್ ಮಾಡಿದೆ. ಮರ್ಯಾದೆಯ ಉತ್ತರ ಬಂತು: ಗ್ಯಾರಂಟಿ ಉಂಟು, ಕೋಲನ್ನು ತಗೊಂಡ ಅಂಗಡಿಗೆ ತಂದು ತೋರಿಸಿ. ಕುಂಬಳೆಯಿಂದ ಕೆಂಟಿಗೆ! ಕೊನೆಗೆ ಪುತ್ತೂರು ಕಡೆ ಅಡಿಕೆ ದೋಟಿ ರಿಪೇರಿ ಮಾಡುವ ಹುಡುಗನ ಹತ್ತಿರ ಹೋದೆ. ಕಾರ್ಬನ್ ಅವನಿಗೆ ಕೈವಶ. ಆನ್‌ಲೈನಲ್ಲಿ ತರಿಸಿದ ಹೊಸ ಬಳೆಯನ್ನು ನೂಲು ಸುತ್ತಿ, ಎಪಾಕ್ಸಿ ಹಚ್ಚಿ ಕೂರಿಸಿದ. 150 ರೂಪಾಯಿ ತಗೊಂಡ. ಇಚ್ಚ ಕೇಳಿದ್ದ ಪ್ರಶ್ನೆಯನ್ನೇ ಅವನೂ ಕೇಳಿದ, ತಿರುಗಿಸಿ: “ಮಾಸ್ಟ್ರೇ, ಇದರಲ್ಲಿ ಅಡಿಕೆ ಕೊಯ್ಯಲಿಕ್ಕೆ ಆಗ್ತದಾ?”

ಹಾಗಾದರೆ ತಗೊಳ್ಳಬೇಕಾ ಅಂತ ಕೇಳಿದರೆ, ಕಸಬಾ, ಕಣ್ವತೀರ್ಥ, ಬೇಕಲದಂಥ ತೆರೆದ ಮರಳಿನ ದಡಕ್ಕೆ ಬೇಡ. ಅಲ್ಲಿಗೆ ಎಂಟೊಂಬತ್ತು ಅಡಿಯ ಹಗುರ ಕೋಲು ಸಾಕು, ಕೈಗಾಳ ಆದರೆ ಇನ್ನೂ ಒಳ್ಳೆಯದು. ಚಂದ್ರಗಿರಿ, ಮೊಗ್ರಾಲ್, ಶಿರಿಯ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಗಾಳ ಹಾಕುವವರಿಗೆ ಉಪಯೋಗಕ್ಕೆ ಬರುತ್ತದೆ, ಅದೂ ಮಳೆ ಬಿಟ್ಟ ಮೇಲೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಇಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧ. ಮೀನಿನ ರೇಟು ಏರುತ್ತದೆ, ಗಾಳದವರಿಗೆ ಆಸೆಯೂ ಏರುತ್ತದೆ. ಆ ಹೊತ್ತಿನ ಕಡಲಿಗೆ ಯಾವ ದೇಶದ ಕೋಲೂ ಆಗುವುದಿಲ್ಲ. ಕಲ್ಲಿನ ದಂಡೆಯ ಮೇಲೆ ತೆರೆ ಹತ್ತುತ್ತದೆ, ಹೋಗಬೇಡಿ.

ಬರೀ ಸೀಸ ಸಿಗುವುದಾದರೆ ಕಣ್ಣುಮುಚ್ಚಿ ತಗೊಳ್ಳಿ. ನನ್ನ ನಾಲ್ಕರಲ್ಲಿ ಎರಡು ಕಲ್ಲಿನ ಪಾಲಾಯಿತು, ಒಂದು ಇಚ್ಚನ ಹತ್ತಿರ ಉಂಟು, ವಾಪಸ್ ಕೇಳಲು ನಾಚಿಕೆ. ಡಿಸೆಂಬರಿನಲ್ಲಿ ಮಗಳು ಬರುತ್ತಾಳೆ. ಕಾಲುಳ್ಳ ಸೀಸ ಒಂದು ಡಜನ್, ಇಲಾಸ್ಟಿಕ್ ದಾರ ಆರು ಉಂಡೆ ಅಂತ ವಾಟ್ಸಾಪಿನಲ್ಲಿ ಬರೆದು ಹಾಕಿದ್ದೆ. “ಅಪ್ಪಾ, ಒಂದು ಡಜನ್ ಅಂದರೆ ಎರಡು ಕೆಜಿಯ ಹತ್ತಿರ ಆಗ್ತದೆ, ಅಮ್ಮನ ಮಿಕ್ಸಿ ಬಿಡಬೇಕಾ?” ಅಂತ ಕೇಳಿದ್ದಾಳೆ. ಇನ್ನೂ ಉತ್ತರ ಕೊಟ್ಟಿಲ್ಲ.